ಉದ್ದ ಕೇಳದೆ ಉಷ್ಣವಾಹಕತೆ ಹೇಳಬೇಡಿ: ಲ್ಯಾಪ್‌ಟಾಪಿನಲ್ಲಿ ಪರಮಾಣುಗಳ ಶಾಖವನ್ನು ಲೆಕ್ಕ ಹಾಕುವ ಬಗೆ

ಇಂಗಾಲದ ಒಂದೇ ಪದರದ ಹಾಳೆಯಾದ ಗ್ರಾಫೀನ್ ಬಗ್ಗೆ ಯಾವ ಸೆಮಿನಾರಿಗೆ ಹೋದರೂ ಎರಡನೆಯ ಸ್ಲೈಡಿನಲ್ಲಿ 5000 ಎಂಬ ಅಂಕಿ ಬಂದೇ ಬರುತ್ತದೆ. ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 5000 ವ್ಯಾಟ್. ತಾಮ್ರದ್ದು ಕೇವಲ 400. ಸಭೆ ತಲೆದೂಗುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳುತ್ತೇನೆ: ಹಾಳೆಯ ಉದ್ದ ಎಷ್ಟು? ಅದು ಗಾಳಿಯಲ್ಲಿ ತೂಗುತ್ತಿತ್ತೋ, ಯಾವುದರ ಮೇಲಾದರೂ ಮಲಗಿತ್ತೋ? ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರಾಗಿ ನನಗೆ ಕೆಟ್ಟ ಹೆಸರು ಬಂದಿರುವುದು ಬಹುಮಟ್ಟಿಗೆ ಈ ಪ್ರಶ್ನೆಯಿಂದಲೇ.

ಪ್ರಶ್ನೆಯಲ್ಲಿ ಕಿರಿಕಿರಿ ಇರಬಹುದು, ಕುಹಕವಿಲ್ಲ. ತಾಮ್ರದ ಸರಳನ್ನು ಅರ್ಧಕ್ಕೆ ಕತ್ತರಿಸಿದರೆ ಅದರ ಉಷ್ಣವಾಹಕತೆ ಬದಲಾಗುವುದಿಲ್ಲ. ಪರಮಾಣುಗಳ ಒಂದೇ ಸಾಲು ಅಥವಾ ಒಂದೇ ಪದರ ಇರುವ ವಸ್ತುಗಳಲ್ಲಿ ಬದಲಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ನಂಬುವುದಕ್ಕಿಂತ ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಬಹುದು. ಹೇಗೆಂದು ಇಲ್ಲಿ ಹೇಳುತ್ತೇನೆ. ಮೊದಲು ಸ್ಪ್ರಿಂಗುಗಳ ಸರಪಳಿ, ಆಮೇಲೆ ಗ್ರಾಫೀನ್. ಬಿ.ಎಸ್ಸಿ. ಮಟ್ಟದ ಯಂತ್ರಶಾಸ್ತ್ರ ಮತ್ತು ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು. ಸರಪಳಿಯನ್ನು ಬಿಟ್ಟು ನೇರವಾಗಿ ಗ್ರಾಫೀನ್‌ಗೆ ಹಾರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಸರಪಳಿಯಲ್ಲಿ ಕಾಣುವುದನ್ನೇ ಗ್ರಾಫೀನ್‌ನಲ್ಲಿ ಹುಡುಕಬೇಕಾಗಿರುವುದು.

ಶಾಖ ಎಲ್ಲಿ ಅಡ್ಡಿ ಕಾಣುತ್ತದೆ

ಫೂರಿಯೇ 1822ರಲ್ಲಿ ಕೊಟ್ಟ ನಿಯಮ ಸರಳ: ತಾಪಮಾನದ ಇಳಿಜಾರು ಎಷ್ಟು ಕಡಿದಾಗಿದೆಯೋ ಶಾಖ ಅಷ್ಟು ಜೋರಾಗಿ ಹರಿಯುತ್ತದೆ. ಇಳಿಜಾರಿಗೂ ಪ್ರವಾಹಕ್ಕೂ ನಡುವಿನ ಗುಣಕವೇ ಉಷ್ಣವಾಹಕತೆ. ಲೋಹದಲ್ಲಿ ಈ ಶಾಖವನ್ನು ಮುಖ್ಯವಾಗಿ ಎಲೆಕ್ಟ್ರಾನುಗಳು ಹೊರುತ್ತವೆ. ವಜ್ರ, ಸಿಲಿಕಾನ್, ಗ್ರಾಫೀನ್‌ಗಳಲ್ಲಿ ಹೊರುವುದು ಪರಮಾಣುಗಳ ಕಂಪನದ ಅಲೆಗಳು, ಅಂದರೆ ಫೋನಾನುಗಳು.

ಪರಮಾಣುಗಳ ನಡುವಿನ ಬಂಧ ಪರಿಪೂರ್ಣ ಸ್ಪ್ರಿಂಗ್ ಆಗಿದ್ದಿದ್ದರೆ, ಅಂದರೆ ಎಳೆತಕ್ಕೆ ಸರಿಯಾದ ಪ್ರಮಾಣದಲ್ಲೇ ಬಲ ಹುಟ್ಟುತ್ತಿದ್ದರೆ, ಅಲೆಗಳು ಒಂದನ್ನೊಂದು ಹಾದು ಹೋಗುತ್ತಿದ್ದವು. ಯಾರಿಗೂ ಯಾರೂ ಅಡ್ಡಿಯಿಲ್ಲ. ನಿಜವಾದ ಬಂಧಗಳು ಹಾಗಿಲ್ಲದ್ದರಿಂದ ಅಲೆಗಳು ಪರಸ್ಪರ ತಾಗಿ ಚದುರುತ್ತವೆ. ಆ ಚದುರಿಕೆಯಲ್ಲೂ ಒಂದು ಬಗೆಯದು ಮಾತ್ರ ಪ್ರವಾಹವನ್ನು ನಿಜವಾಗಿ ತಡೆಯುತ್ತದೆ ಎಂದು ಪೈಯರ್ಲ್ಸ್ 1929ರಲ್ಲಿ ತೋರಿಸಿದರು. ಆ ಬಗೆಗೆ ಉಮ್‌ಕ್ಲಾಪ್ ಎಂದು ಹೆಸರು. ಉದ್ದನೆಯ ಅಲೆಗಳು ಈ ಉಮ್‌ಕ್ಲಾಪ್‌ಗೆ ಸುಲಭವಾಗಿ ಸಿಕ್ಕುವುದಿಲ್ಲ. ಮೂರು ಆಯಾಮದ ಗಟ್ಟಿಯಲ್ಲಿ ಇಂಥ ಅಲೆಗಳ ಪಾಲು ಕಡಿಮೆ, ಹಾಗಾಗಿ ಲೆಕ್ಕಕ್ಕೆ ಬಾರವು. ಒಂದು ಅಥವಾ ಎರಡು ಆಯಾಮದಲ್ಲಿ ಅವುಗಳದೇ ಕಾರುಬಾರು. ವಸ್ತು ಉದ್ದವಾದಷ್ಟೂ ಇನ್ನಷ್ಟು ಉದ್ದದ ಅಲೆಗಳಿಗೆ ಜಾಗ ಸಿಗುತ್ತದೆ, ಅವೂ ಶಾಖ ಹೊರುವುದಕ್ಕೆ ಸೇರಿಕೊಳ್ಳುತ್ತವೆ. ಉದ್ದದ ತಕರಾರು ಶುರುವಾಗುವುದು ಇಲ್ಲಿಂದ.

ಸರಪಳಿ ಕಟ್ಟುವುದು

ಒಂದು ಗೆರೆಯ ಮೇಲೆ ಕಣಗಳನ್ನು ಸಾಲಾಗಿ ಇಡಿ. ಪ್ರತಿ ಕಣದ ದ್ರವ್ಯರಾಶಿ 1, ಅಕ್ಕಪಕ್ಕದ ಕಣಗಳ ನಡುವೆ ಒಂದು ಸ್ಪ್ರಿಂಗ್. ಎರಡು ತುದಿಯ ಕಣಗಳನ್ನು ಇನ್ನೊಂದೊಂದು ಸ್ಪ್ರಿಂಗಿನಿಂದ ಗೋಡೆಗೆ ಕಟ್ಟಿ. ಸ್ಪ್ರಿಂಗಿನ ಬಲ ಎಂದರೆ ಎಳೆತ, ಜೊತೆಗೆ ಎಳೆತದ ಘನ. ಈ ಘನದ ಪದವೇ ಅಲೆಗಳನ್ನು ಪರಸ್ಪರ ತಾಗಿಸುವುದು. ಅದರ ಮುಂದೆ ಒಂದು ಗುಣಕ ಇಟ್ಟುಕೊಳ್ಳಿ, ಬೇಕೆಂದಾಗ ಸೊನ್ನೆ ಮಾಡಬಹುದು.

ಈ ಸರಪಳಿಗೆ ದೊಡ್ಡ ಚರಿತ್ರೆಯಿದೆ. ಫರ್ಮಿ, ಪಾಸ್ಟಾ, ಉಲಾಮ್ ಮೂವರೂ ಲಾಸ್ ಅಲಾಮೋಸ್‌ನ ಮೇನಿಯಾಕ್ ಗಣಕದಲ್ಲಿ 64 ಕಣಗಳ ಇಂಥದೇ ಸರಪಳಿಯನ್ನು ಓಡಿಸಿ 1955ರಲ್ಲಿ ವರದಿ ಬರೆದರು. ಗಣಕಕ್ಕೆ ಕಾರ್ಯಕ್ರಮ ಬರೆದವರು ಮೇರಿ ಸಿಂಗೂ. ಅವರ ಹೆಸರು ದಶಕಗಳ ಕಾಲ ಅಡಿಟಿಪ್ಪಣಿಯಲ್ಲೇ ಉಳಿದಿತ್ತು; ಈಗ ಮಾದರಿಯ ಹೆಸರಿನ ಕೊನೆಗೆ ಅವರದನ್ನೂ ಸೇರಿಸುತ್ತಾರೆ, ನೀವೂ ಸೇರಿಸಿ. ಒಂದೇ ಅಲೆಗೆ ಕೊಟ್ಟ ಶಕ್ತಿ ಕ್ರಮೇಣ ಎಲ್ಲ ಅಲೆಗಳಿಗೂ ಹಂಚಿಹೋಗುತ್ತದೆ ಎಂದು ಅವರು ಕಾದರು. ಅದು ಹಂಚಿಹೋಗದೆ ಬಹುಪಾಲು ಮೊದಲಿನ ಅಲೆಗೇ ಮರಳಿ ಬಂತು. ಒಂದು ಆಯಾಮದಲ್ಲಿ ಶಾಖ ಹಟಮಾರಿ ಎಂಬ ಮೊದಲ ಸುಳಿವು ಅದು.

ಈಗ ತುದಿಗಳಿಗೆ ಶಾಖ ಕೊಡಬೇಕು. ಎಡತುದಿಯ ಕಣಕ್ಕೆ ತಾಪಮಾನ 2, ಬಲತುದಿಗೆ 0.5 ಇರಲಿ (ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು 1 ಎಂದು ಹಿಡಿದಿದ್ದೇವೆ). ಇದಕ್ಕೆ ಲ್ಯಾಂಜೆವಿನ್ ವಿಧಾನ ಬಳಸಿ. ಪ್ರತಿ ಹೆಜ್ಜೆಯಲ್ಲೂ ತುದಿಯ ಕಣದ ವೇಗವನ್ನು ಸ್ವಲ್ಪ ತಗ್ಗಿಸಿ, ಅದಕ್ಕೊಂದು ಯಾದೃಚ್ಛಿಕ ತಳ್ಳು ಕೊಡುವುದೇ ಈ ವಿಧಾನ. ಘರ್ಷಣಾಂಕ 1, ಕಾಲದ ಹೆಜ್ಜೆ 0.02 ಎಂದಿಟ್ಟುಕೊಂಡರೆ ಲೆಕ್ಕ ಹೀಗೆ: ಹೊಸ ವೇಗ ಎಂದರೆ ಹಳೆಯ ವೇಗದ 0.980 ಪಾಲು, ಜೊತೆಗೆ 0.198ನ್ನು ತಾಪಮಾನದ ವರ್ಗಮೂಲದಿಂದಲೂ ಒಂದು ಗೌಸಿಯನ್ ಯಾದೃಚ್ಛಿಕ ಸಂಖ್ಯೆಯಿಂದಲೂ ಗುಣಿಸಿದ್ದು. ಈ 0.980, 0.198 ಎಲ್ಲಿಂದ ಬಂದವೆಂದು ನೀವೇ ತೆಗೆದು ನೋಡಿ. ಮೊದಲನೆಯದು ಋಣ 0.02ರ ಘಾತೀಯ, ಎರಡನೆಯದು, ಒಂದರಿಂದ ಮೊದಲನೆಯದರ ವರ್ಗವನ್ನು ಕಳೆದು ತೆಗೆದ ವರ್ಗಮೂಲ. ಇದನ್ನು ತೆಗೆಯಲಾರದವರು ಮುಂದಿನ ಹೆಜ್ಜೆ ಇಡಬಾರದು ಎಂಬುದು ನನ್ನ ನಿಯಮ. ಉಳಿದ ಕಣಗಳಿಗೆಲ್ಲ ನ್ಯೂಟನ್ನನ ನಿಯಮ ಮಾತ್ರ, ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ವೆಲಾಸಿಟಿ ವರ್ಲೆ ವಿಧಾನದಲ್ಲಿ.

ಈ ಲ್ಯಾಂಜೆವಿನ್ ಹೆಜ್ಜೆಗೆ ಮುಂಚೆ ಮತ್ತು ನಂತರ ಆ ಕಣದ ಚಲನಶಕ್ತಿಯನ್ನು ಬರೆದುಕೊಳ್ಳಿ. ವ್ಯತ್ಯಾಸವೇ ಒಲೆ (ತುದಿಯನ್ನು ನಿಗದಿತ ತಾಪಮಾನದಲ್ಲಿಡುವ ಈ ಏರ್ಪಾಡನ್ನು ಹಾಗೆ ಕರೆಯೋಣ) ಸರಪಳಿಗೆ ಕೊಟ್ಟ ಶಾಖ. ಎಡತುದಿಯಲ್ಲಿ ಒಳಬಂದದ್ದು, ಬಲತುದಿಯಲ್ಲಿ ಹೊರಹೋದದ್ದು, ಈ ಎರಡನ್ನೂ ಕೂಡಿಸುತ್ತಾ ಹೋಗಿ. ನಡುವೆ ಹರಿಯುವ ಪ್ರವಾಹವನ್ನು ಬೇರೆಯಾಗಿ ಅಳೆಯಬೇಕು: ಎಡಗಡೆಯ ಕಣ ಬಲಗಡೆಯ ಕಣವನ್ನು ತಳ್ಳುವ ಬಲವನ್ನು ಎರಡರ ವೇಗಗಳ ಸರಾಸರಿಯಿಂದ ಗುಣಿಸಿ, ಎಲ್ಲ ಬಂಧಗಳ ಮೇಲೂ ಸರಾಸರಿ ತೆಗೆಯಿರಿ. ಒಳಬಂದದ್ದು, ನಡುವೆ ಹರಿದದ್ದು, ಹೊರಹೋದದ್ದು ಮೂರೂ ತಾಳೆಯಾಗುವವರೆಗೆ ಸ್ಥಿರಸ್ಥಿತಿ ಬಂದಿಲ್ಲ ಎಂದು ತಿಳಿಯಿರಿ. ಅಲ್ಲಿಯವರೆಗಿನ ಅಂಕಿಗಳನ್ನು ಎಸೆಯಿರಿ. ಎಸೆಯುವುದಕ್ಕೆ ಜೀವ ಒಪ್ಪದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ.

ಶುದ್ಧ ಪೈಥಾನ್ ಲೂಪಿನಲ್ಲಿ ಇದನ್ನು ಓಡಿಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಪೈಥಾನ್ ಕೋಡನ್ನು ವೇಗಗೊಳಿಸುವ ನಂಬಾ (Numba) ಬಳಸಿ ಒಳಲೂಪನ್ನು ಕಂಪೈಲ್ ಮಾಡಿದರೆ ಅದೇ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಸ್ಥಾನ, ವೇಗ, ಈವರೆಗಿನ ಮೊತ್ತಗಳು, ಯಾದೃಚ್ಛಿಕ ಸಂಖ್ಯೆಗಳ ಬೀಜ, ಇವಿಷ್ಟನ್ನೂ ಆಗಾಗ ಕಡತಕ್ಕೆ ಬರೆಸುತ್ತಿರಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು. ನಮ್ಮ ಪ್ರಯೋಗಾಲಯದ ಇನ್ವರ್ಟರ್ ಮೇಲೆ ನನಗೆ ನಂಬಿಕೆಯಿಲ್ಲ.

ಮೂರು ಪರೀಕ್ಷೆ

ನಿಜವಾದ ಓಟಕ್ಕೆ ಮುಂಚೆ ಕಾರ್ಯಕ್ರಮವನ್ನೇ ಪರೀಕ್ಷಿಸಿ. ಎರಡೂ ಒಲೆಗಳನ್ನು ಆರಿಸಿ ಓಡಿಸಿದರೆ ಒಟ್ಟು ಶಕ್ತಿ ಅಲ್ಲಲ್ಲೇ ಏರಿಳಿಯಬೇಕು, ಒಂದು ಕಡೆಗೆ ಜಾರಬಾರದು. ಎರಡೂ ಒಲೆಗಳನ್ನು ತಾಪಮಾನ 1ಕ್ಕೆ ಇಟ್ಟರೆ ಪ್ರತಿ ಕಣದ ವೇಗವರ್ಗದ ಸರಾಸರಿಯೂ 1ಕ್ಕೆ ಬರಬೇಕು, ಪ್ರವಾಹ ಸೊನ್ನೆಯ ಸುತ್ತ ಸುಳಿಯಬೇಕು. ಇವೆರಡು ನೀರಸ, ಆದರೆ ಬಿಡುವಂತಿಲ್ಲ.

ಮೂರನೆಯದು ನನಗೆ ಬಹಳ ಇಷ್ಟ. ಘನದ ಪದವನ್ನು ಸೊನ್ನೆ ಮಾಡಿ, ಒಲೆಗಳನ್ನು 2 ಮತ್ತು 0.5ಕ್ಕೆ ಇಡಿ. ಈಗ ಇರುವುದು ಪರಿಪೂರ್ಣ ಸ್ಪ್ರಿಂಗುಗಳ ಸರಪಳಿ. ಇದನ್ನು ಕಾಗದದ ಮೇಲೆ ಪೂರ್ತಿಯಾಗಿ ಬಿಡಿಸಬಹುದು. ರೀಡರ್, ಲೆಬೋವಿಟ್ಸ್, ಲೀಬ್ 1967ರಲ್ಲೇ ಬಿಡಿಸಿದ್ದಾರೆ. ಪ್ರತಿ ಕಣದ ತಾಪಮಾನವನ್ನು ಸ್ಥಾನದ ಎದುರು ಗೆರೆ ಹಾಕಿ ನೋಡಿ. ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಇಳಿಯುವ ಗೆರೆ ಬರುತ್ತದೆಂದು ಎಲ್ಲರೂ ಕಾಯುತ್ತಾರೆ. ಬರುವುದು ಮಟ್ಟಸ ಗೆರೆ, ಎರಡು ತಾಪಮಾನಗಳ ಸರಾಸರಿಯಾದ 1.25ರಲ್ಲಿ. ಇಳಿಜಾರೇ ಇಲ್ಲ, ಆದರೂ ಶಾಖ ಧಾರಾಳವಾಗಿ ಹರಿಯುತ್ತಿದೆ. ಸರಪಳಿಯ ಉದ್ದವನ್ನು ಇಮ್ಮಡಿಸಿದರೂ ಪ್ರವಾಹ ಕದಲುವುದಿಲ್ಲ. ಇನ್ನಷ್ಟು ಹತ್ತಿರದಿಂದ ನೋಡಿ: ಬಿಸಿ ಒಲೆಗೆ ನೇರ ತಗುಲಿರುವ ಕಣ ಸರಾಸರಿಗಿಂತ ಬಿಸಿಯಾಗಿದೆ, ಸರಿ. ಅದರ ಪಕ್ಕದ ಕಣ ಸರಾಸರಿಗಿಂತ ತುಸು ತಣ್ಣಗಿದೆ! ತಣ್ಣನೆಯ ತುದಿಯಲ್ಲಿ ಇದರ ತಿರುಗುಮುರುಗು. ವಿದ್ಯಾರ್ಥಿಗಳು ಇದನ್ನು ಕಂಡೊಡನೆ ಕಾರ್ಯಕ್ರಮದಲ್ಲಿ ದೋಷ ಹುಡುಕಲು ಶುರುಮಾಡುತ್ತಾರೆ. ಹುಡುಕಲಿ ಬಿಡಿ ಎಂದು ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಇದು ದೋಷವಲ್ಲ, ಗಣಿತ ಹೇಳುವುದೂ ಇದನ್ನೇ. ನಿಮ್ಮ ಗೆರೆಯಲ್ಲಿ ಈ ತಗ್ಗು ಕಾಣದಿದ್ದರೆ ಆಗ ದೋಷ ಹುಡುಕಿ.

ಈ ಪರೀಕ್ಷೆಯನ್ನು 32 ಕಣಗಳಲ್ಲಿ ಮಾಡಿದರೆ ಸಾಕು. ಪರಿಪೂರ್ಣ ಸ್ಪ್ರಿಂಗಿನ ಸರಪಳಿಯಲ್ಲಿ ಅತ್ಯಂತ ಉದ್ದದ ಅಲೆ ತುದಿಯ ಒಲೆಯನ್ನು ಮುಟ್ಟುವುದೇ ಕಷ್ಟ; ಅದು ಸಮಸ್ಥಿತಿಗೆ ಬರಲು ಬೇಕಾದ ಕಾಲ ಕಣಗಳ ಸಂಖ್ಯೆಯ ಘನದಂತೆ ಏರುತ್ತದೆ. 32ರ ಘನ 32,768, ಹೆಜ್ಜೆ 0.02 ಆದರೆ ಹದಿನಾರು ಲಕ್ಷ ಹೆಜ್ಜೆ. 1024 ಕಣಗಳಿಗೆ ಇದೇ ಲೆಕ್ಕ ಹಾಕಿ ನೋಡಿ, ಉತ್ಸಾಹ ತಾನಾಗಿಯೇ ಇಳಿಯುತ್ತದೆ.

ಇಮ್ಮಡಿಯ ಪರೀಕ್ಷೆ

ಈಗ ಘನದ ಪದವನ್ನು ಮರಳಿ ತನ್ನಿ, ಗುಣಕ 1. ಕಣಗಳ ಸಂಖ್ಯೆ 64, 128, 256, 512, 1024, ನಿಮ್ಮ ಲ್ಯಾಪ್‌ಟಾಪ್ ತಡೆದುಕೊಳ್ಳುವಷ್ಟು. ಪ್ರತಿಯೊಂದರಲ್ಲೂ ಸ್ಥಿರಸ್ಥಿತಿಯ ಪ್ರವಾಹವನ್ನು ಅಳೆಯಿರಿ. ಪ್ರವಾಹವನ್ನು ಕಣಗಳ ಸಂಖ್ಯೆಯಿಂದ ಗುಣಿಸಿ, ತಾಪಮಾನಗಳ ಅಂತರವಾದ 1.5ರಿಂದ ಭಾಗಿಸಿದರೆ ಆ ಉದ್ದದ ಉಷ್ಣವಾಹಕತೆ ಸಿಗುತ್ತದೆ. ಶಬ್ದದ ಅಲೆಯೊಂದು ಈ ಸರಪಳಿಯಲ್ಲಿ ಒಂದು ಕಾಲಮಾನಕ್ಕೆ ಸುಮಾರು ಒಂದು ಕಣದ ದೂರ ಹೋಗುತ್ತದೆ. 512 ಕಣಗಳನ್ನು ಒಮ್ಮೆ ದಾಟಲು ಸುಮಾರು 25,600 ಹೆಜ್ಜೆ ಬೇಕು. ಇಂಥ ದಾಟುಗಳು ನೂರಾರು ಆಗದೆ ಸರಾಸರಿ ನಿಲ್ಲುವುದಿಲ್ಲ.

ಲಾಗರಿದಮ್ ಗ್ರಾಫ್, ಅತ್ಯುತ್ತಮ ಹೊಂದಿಕೆಯ ಗೆರೆ, ಇವೆಲ್ಲ ಆಮೇಲೆ. ಮೊದಲು ಉದ್ದ ಇಮ್ಮಡಿಯಾದಾಗ ಉಷ್ಣವಾಹಕತೆ ಎಷ್ಟು ಪಟ್ಟಾಯಿತು ಎಂಬುದನ್ನಷ್ಟೇ ಒಂದು ಸಾಲಿನಲ್ಲಿ ಬರೆಯಿರಿ. ಫೂರಿಯೇ ನಿಯಮ ನಡೆಯುತ್ತಿದ್ದರೆ ಉತ್ತರ 1. ಅಲೆಗಳು ಅಡ್ಡಿಯಿಲ್ಲದೆ ಹಾಯುತ್ತಿದ್ದರೆ 2. ಪರಿಪೂರ್ಣ ಸ್ಪ್ರಿಂಗಿನ ಸರಪಳಿಯಲ್ಲಿ ಇದೇ ಬರುತ್ತದೆ. ಘನದ ಪದವಿರುವ ಸರಪಳಿಯಲ್ಲಿ ನಿಮಗೆ 1ಕ್ಕೆ ಎಂದೂ ಇಳಿಯದ, 2ಕ್ಕಿಂತ ಬಹಳ ಕಡಿಮೆಯ ಒಂದು ಅಂಕಿ ಸಿಗುತ್ತದೆ. ಉದ್ದ ಹೆಚ್ಚುತ್ತಾ ಹೋದಂತೆ ಅದು 1.26ರ ಕಡೆಗೆ ಜಾರಬೇಕು.

ಆ 1.26 ಎರಡರ ಘನಮೂಲ. ಅಂದರೆ ಉಷ್ಣವಾಹಕತೆ ಉದ್ದದ ಮೂರನೆಯ ಒಂದು ಘಾತದಂತೆ ಬೆಳೆಯುತ್ತಲೇ ಇರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಈ ಬೆಳವಣಿಗೆಯನ್ನು ಗಣಕದಲ್ಲಿ ಸ್ಪಷ್ಟವಾಗಿ ತೋರಿಸಿದ್ದು 1997ರಲ್ಲಿ ಲೆಪ್ರಿ, ಲಿವಿ, ಪೊಲಿಟಿ. ಮೂರನೆಯ ಒಂದು ಎಂಬ ಘಾತವನ್ನು ಸಿದ್ಧಾಂತದಿಂದ ತೆಗೆದು 2002ರಲ್ಲಿ ಪ್ರಕಟಿಸಿದವರು ಒನುಟ್ಟಮ್ ನಾರಾಯಣ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ. ಸರಪಳಿಯ ಕಣಗಳನ್ನು ಒಂದು ದ್ರವದಂತೆ ಕಂಡು, ಸಂವೇಗ ಉಳಿಯುತ್ತದೆ ಎಂಬ ಒಂದು ಸಂಗತಿಯಿಂದ ಅವರು ಈ ಘಾತಕ್ಕೆ ಬಂದರು. ಗಣಕದವರಿಗೆ ಆಗ 0.4ರ ಹತ್ತಿರದ ಘಾತಗಳೂ ಸಿಗುತ್ತಿದ್ದವು, ವಾದ ಜೋರಾಗಿಯೇ ನಡೆಯಿತು. 2007ರಲ್ಲಿ ಮಾಯ್, ಅಭಿಷೇಕ್ ಧರ್, ನಾರಾಯಣ್ ಸೇರಿ ಇನ್ನೂ ಉದ್ದದ ಸರಪಳಿಗಳನ್ನು ಓಡಿಸಿ ಮೂರನೆಯ ಒಂದನ್ನೇ ಪಡೆದರು. ಹಿಂದಿನ ಅಂಕಿಗಳು ಮೇಲಕ್ಕೆ ಏಕೆ ಹೋಗಿದ್ದವೆಂದೂ ವಿವರಿಸಿದರು. ಧರ್ ಆಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದರು. ಕಡಿಮೆ ಆಯಾಮದ ಶಾಖವಹನದ ಬಗ್ಗೆ 2008ರಲ್ಲಿ ಅವರು ಬರೆದ ಸಮೀಕ್ಷೆ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಹಾಗಾಗಿ ನಿಮ್ಮ ಸಣ್ಣ ಸರಪಳಿಯಲ್ಲಿ 1.26ಕ್ಕಿಂತ ದೊಡ್ಡ ಅಂಕಿ ಬಂದರೆ ಗಾಬರಿ ಬೇಡ, ಉದ್ದ ಸಾಲದು ಎಂದಷ್ಟೇ ಅರ್ಥ.

ಇನ್ನೊಂದು ಓಟ ಬಾಕಿಯಿದೆ, ಇದನ್ನು ತಪ್ಪಿಸಬೇಡಿ. ಸ್ಪ್ರಿಂಗುಗಳನ್ನು ಪರಿಪೂರ್ಣವಾಗಿಸಿ. ಆದರೆ ಪ್ರತಿ ಕಣವನ್ನೂ ಅದರದೇ ಜಾಗಕ್ಕೆ ಎಳೆಯುವ ಒಂದು ಬಲ ಸೇರಿಸಿ, ಸ್ಥಾನಪಲ್ಲಟದ ಘನದಷ್ಟು. ಈಗ ಕಣಗಳಿಗೆ ನೆಲದ ಹಿಡಿತ ಬಂತು, ಒಟ್ಟು ಸಂವೇಗ ಉಳಿಯುವುದಿಲ್ಲ. ಮತ್ತೆ ಇಮ್ಮಡಿಯ ಪರೀಕ್ಷೆ ಮಾಡಿ. ಕೆಲವೇ ಇಮ್ಮಡಿಗಳಲ್ಲಿ ಉತ್ತರ 1ಕ್ಕೆ ಬಂದು ನಿಲ್ಲುತ್ತದೆ. ತಾಪಮಾನದ ಗೆರೆಯೂ ಒಂದು ತುದಿಯಿಂದ ಇನ್ನೊಂದಕ್ಕೆ ಶಿಸ್ತಾಗಿ ಇಳಿಯುತ್ತದೆ. ಫೂರಿಯೇ ಮರಳಿ ಬಂದರು. ಹಿಡಿತವಿಲ್ಲದಿದ್ದರೂ ಫೂರಿಯೇ ನಿಯಮ ಪಾಲಿಸುವ ಒಂದು ಅಪವಾದವಿದೆ, ತಿರುಗುವ ರೋಟರುಗಳ ಸರಪಳಿ. ಎರಡು ಗುಂಪುಗಳು 2000ದಲ್ಲಿ ಬೇರೆಬೇರೆಯಾಗಿ ತೋರಿಸಿದವು. ಅದರ ಗೋಜು ಈಗ ಬೇಡ.

ಗ್ರಾಫೀನ್ ಹಾಳೆ

ಗ್ರಾಫೀನ್ ಎಂದರೆ ಇಂಗಾಲದ ಒಂದೇ ಪರಮಾಣು ದಪ್ಪದ ಷಟ್ಕೋನ ಜಾಲ. ಗೈಮ್ ಮತ್ತು ನೊವೊಸೆಲೊವ್ ಇದನ್ನು ಬೇರ್ಪಡಿಸಿದ್ದು 2004ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಇಲ್ಲಿ ನಿಮ್ಮ ಪೈಥಾನ್ ಸಾಲದು. ಲ್ಯಾಂಪ್ಸ್ ಅಥವಾ ಜಿಪಿಯುಎಂಡಿ ಬಳಸಿ, ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕುವ ಈ ಎರಡೂ ತಂತ್ರಾಂಶಗಳು ಉಚಿತ.

ಬಂಧದ ಉದ್ದ 1.42 ಆಂಗ್‌ಸ್ಟ್ರಮ್ ಇಟ್ಟು 5 ನ್ಯಾನೋಮೀಟರ್ ಅಗಲದ ಹಾಳೆ ಕಟ್ಟಿ. 50 ನ್ಯಾನೋಮೀಟರ್ ಉದ್ದಕ್ಕೆ ಸುಮಾರು 9,500 ಪರಮಾಣು ಬೇಕಾಗುತ್ತವೆ. ತುದಿಗಳ ಒಲೆಗಳಿಗೆ ಬೇರೆ. ಅಗಲದ ದಿಕ್ಕಿನಲ್ಲಿ ಆವರ್ತಕ ಗಡಿ ಕೊಟ್ಟರೆ, ಅಂದರೆ ಒಂದು ಅಂಚು ಇನ್ನೊಂದಕ್ಕೆ ಕೂಡುವಂತೆ ಮಾಡಿದರೆ, ಅಂಚಿನ ಕಾಟ ತಪ್ಪುತ್ತದೆ. ಉದ್ದದ ಎರಡೂ ತುದಿಗಳಲ್ಲಿ ಕೆಲವು ಸಾಲುಗಳನ್ನು ಅಲುಗದಂತೆ ಹಿಡಿದು, ಅದರ ಪಕ್ಕದ ಪಟ್ಟಿಗಳನ್ನು ಒಲೆಗಳಾಗಿಸಿ, ಒಂದು 320 ಕೆಲ್ವಿನ್, ಇನ್ನೊಂದು 280. ಕಾಲದ ಹೆಜ್ಜೆ ಅರ್ಧ ಫೆಮ್ಟೋಸೆಕೆಂಡ್. ಗ್ರಾಫೀನ್‌ನ ಅತ್ಯಂತ ಚುರುಕಿನ ಕಂಪನಕ್ಕೆ ಸುಮಾರು 21 ಫೆಮ್ಟೋಸೆಕೆಂಡ್ ಬೇಕು. ಅದನ್ನು ಸುಮಾರು 40 ಹೆಜ್ಜೆಗಳಲ್ಲಿ ಹಿಡಿದಂತಾಯಿತು.

ಪರಮಾಣುಗಳ ನಡುವಿನ ಬಲಕ್ಕೆ ಟೆರ್ಸಾಫ್ ಮಾದರಿ ಬಳಸಿ. ಮೂಲದ್ದಲ್ಲ, ಲಿಂಡ್ಸೆ ಮತ್ತು ಬ್ರಾಯ್ಡೊ 2010ರಲ್ಲಿ ಗ್ರಾಫೀನ್‌ಗೆಂದೇ ತಿದ್ದಿದ ಅಂಕಿಗಳನ್ನು ಹಾಕಿಕೊಳ್ಳಿ. ಒಲೆಗೆ ಮತ್ತೆ ಲ್ಯಾಂಜೆವಿನ್. ನೋಸೆ-ಹೂವರ್ ಒಲೆ ಚೆಂದವಾಗಿ ಕಂಡರೂ ತುದಿಗಳ ಪುಟ್ಟ ಪಟ್ಟಿಗಳಲ್ಲಿ ಅದು ತಾಪಮಾನದ ಗೆರೆಯನ್ನು ತಿರುಚಬಲ್ಲದು. ಸಮಸ್ಥಿತಿಯ ಏರಿಳಿತಗಳಿಂದ ಉಷ್ಣವಾಹಕತೆ ತೆಗೆಯುವ ಗ್ರೀನ್-ಕುಬೊ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ: ಟೆರ್ಸಾಫ್‌ನಂಥ ಬಹುಕಣ ಬಲಗಳಿಗೆ ಪ್ರತಿ ಪರಮಾಣುವಿನ ಒತ್ತಡದಿಂದ ಶಾಖಪ್ರವಾಹ ಕಟ್ಟುವ ಹಳೆಯ ಸೂತ್ರ ಸರಿಯಲ್ಲ, ಗ್ರಾಫೀನ್‌ನಲ್ಲಿ ಉತ್ತರ ಬಹಳ ಕೆಳಗೆ ಬರುತ್ತದೆ. ಝೆಯೋಂಗ್ ಫಾನ್ ಮತ್ತು ಸಂಗಡಿಗರು 2015ರಲ್ಲಿ ಸರಿಯಾದ ಸೂತ್ರ ಕೊಟ್ಟಿದ್ದಾರೆ. ಜಿಪಿಯುಎಂಡಿಯಲ್ಲಿ ಅದೇ ಇದೆ.

ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡೋಣ, ಉದಾಹರಣೆಗಾಗಿ ಇಟ್ಟುಕೊಂಡ ಅಂಕಿಗಳಲ್ಲಿ. ಒಲೆ ಹಾಳೆಗೆ ಪಿಕೋಸೆಕೆಂಡಿಗೆ 2.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಡುತ್ತಿದೆ ಎನ್ನಿ. ಇದನ್ನು ವ್ಯಾಟ್‌ಗೆ ತರಬೇಕಾದರೆ 1.602ನ್ನು ಒಂದು ಕೋಟಿಯಿಂದ ಭಾಗಿಸಿದ ಗುಣಕ ಬಳಸಿ. ಬರುವುದು ಒಂದು ವ್ಯಾಟ್‌ನ ಕೋಟಿಯಲ್ಲಿ 4 ಭಾಗ, ಅಂದರೆ 0.4 ಮೈಕ್ರೋವ್ಯಾಟ್. ಹಾಳೆಯ ದಪ್ಪ? ಒಂದೇ ಪರಮಾಣುವಿಗೆ ದಪ್ಪ ಎಲ್ಲಿಂದ ಬರಬೇಕು! ಗ್ರಾಫೈಟ್ ಪದರಗಳ ನಡುವಿನ ಅಂತರ 3.35 ಆಂಗ್‌ಸ್ಟ್ರಮ್ಮನ್ನೇ ದಪ್ಪವೆಂದು ಹಿಡಿಯುವುದು ರೂಢಿ. ಆಗ ಅಡ್ಡಕೊಯ್ತ 1.675 ಚದರ ನ್ಯಾನೋಮೀಟರ್. 50 ನ್ಯಾನೋಮೀಟರಿಗೆ 40 ಕೆಲ್ವಿನ್ ಇಳಿತ, ಅಂದರೆ ನ್ಯಾನೋಮೀಟರಿಗೆ 0.8. ಭಾಗಿಸಿದರೆ ಮೀಟರ್-ಕೆಲ್ವಿನ್‌ಗೆ ಸುಮಾರು 300 ವ್ಯಾಟ್.

ಐದು ಸಾವಿರ ಎಲ್ಲಿ, ಮುನ್ನೂರು ಎಲ್ಲಿ! ತಾಮ್ರಕ್ಕಿಂತಲೂ ಕಡಿಮೆ. ಇಲ್ಲಿ ವಿದ್ಯಾರ್ಥಿಗಳು ಒಂದು ಜಾಣತನ ಮಾಡುತ್ತಾರೆ. ತಾಪಮಾನದ ಗೆರೆಯಲ್ಲಿ ಒಲೆಗಳ ಬಳಿ ದೊಡ್ಡ ಜಿಗಿತ ಕಾಣುತ್ತದೆ, ನಡುವಿನ ಭಾಗ ಬಹುತೇಕ ಮಟ್ಟಸ. ಆ ನಡುವಿನ ಇಳಿಜಾರಿನಿಂದ ಭಾಗಿಸಿದರೆ ಅಂಕಿ ಥಟ್ಟನೆ ಮೇಲೇರುತ್ತದೆ, ಮುಖವೂ ಅರಳುತ್ತದೆ. ಹಾಗೆ ಮಾಡಬೇಡಿ. ಒಲೆಯಿಂದ ಒಲೆಗೆ ಇರುವ ಪೂರ್ತಿ 40 ಕೆಲ್ವಿನ್ ಅಂತರವನ್ನೇ ತೆಗೆದುಕೊಳ್ಳಿ. ಇಷ್ಟು ಉದ್ದದ ಹಾಳೆಯಲ್ಲಿ ಬಹುಪಾಲು ಫೋನಾನುಗಳು ದಾರಿಯಲ್ಲಿ ಎಲ್ಲೂ ಚದುರದೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿಬಿಡುತ್ತವೆ. ಆ ಜಿಗಿತ ತೊಲಗಿಸಬೇಕಾದ ಕೊಳೆಯಲ್ಲ, ಪರಿಪೂರ್ಣ ಸ್ಪ್ರಿಂಗಿನ ಸರಪಳಿಯಲ್ಲಿ ಕಂಡ ಮಟ್ಟಸ ಗೆರೆಯ ಹತ್ತಿರದ ಸಂಬಂಧಿ. ಗ್ರಾಫೀನ್‌ನಲ್ಲಿ ಫೋನಾನ್ ಒಂದು ಚದುರಿಕೆಯಿಂದ ಇನ್ನೊಂದಕ್ಕೆ ಸರಾಸರಿ ಕ್ರಮಿಸುವ ದೂರ ಕೋಣೆಯ ತಾಪಮಾನದಲ್ಲಿ 775 ನ್ಯಾನೋಮೀಟರ್ ಎಂದು 2008ರ ಒಂದು ಅಂದಾಜು. ನಿಮ್ಮ ಹಾಳೆ ಅದರ ಹದಿನೈದನೆಯ ಒಂದು ಪಾಲು.

ಇನ್ನು ಉದ್ದವನ್ನು 100, 200, 400, 800 ನ್ಯಾನೋಮೀಟರ್ ಮಾಡುತ್ತಾ ಇಮ್ಮಡಿಯ ಪರೀಕ್ಷೆ ಮಾಡಿ. ಈ ಹಂತಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಬೇಕು. ಎರಡು ಆಯಾಮದಲ್ಲಿ ಸಿದ್ಧಾಂತ ಹೇಳುವುದು ಲಾಗರಿದಮ್ ಬೆಳವಣಿಗೆ: ಪ್ರತಿ ಇಮ್ಮಡಿಗೂ ಒಂದೇ ಪ್ರಮಾಣದ ಹೆಚ್ಚಳ, ಗುಣಾಕಾರವಲ್ಲ. ತೂಗುಬಿಟ್ಟ ಗ್ರಾಫೀನ್‌ನಲ್ಲಿ 9 ಮೈಕ್ರೋಮೀಟರ್‌ವರೆಗೂ ಇಂಥದೇ ಏರಿಕೆಯನ್ನು ಸಿಂಗಪುರದ ಗುಂಪೊಂದು ಅಳೆದು 2014ರಲ್ಲಿ ಪ್ರಕಟಿಸಿತು. ಏರಿಕೆ ಕೊನೆಗೆ ನಿಲ್ಲುತ್ತದೋ ಇಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಯಾರು ಹೊರುತ್ತಾರೆ

ಗ್ರಾಫೀನ್‌ನಲ್ಲಿ ಶಾಖ ಹೊರುವವರಲ್ಲಿ ಮುಖ್ಯರು ಹಾಳೆಯ ಮೇಲೆ ಕೆಳಗೆ ಏಳುವ ಅಲೆಗಳು, ತಂತಿಯ ಮೇಲೆ ಒಣಹಾಕಿದ ಸೀರೆ ಗಾಳಿಗೆ ಅಲೆಯಾಡುವ ಹಾಗೆ. ಬಹಳ ನಿಧಾನದ ಅಲೆಗಳೆಂದು ಇವನ್ನು ಮೊದಲು ಕಡೆಗಣಿಸಿದ್ದರು. 2010ರಲ್ಲಿ ಲಿಂಡ್ಸೆ, ಬ್ರಾಯ್ಡೊ, ಮಿಂಗೊ ಲೆಕ್ಕ ಹಾಕಿ ಕೋಣೆಯ ತಾಪಮಾನದಲ್ಲಿ ಬಹುಪಾಲು ಶಾಖ ಇವುಗಳದೇ ಎಂದರು. ಕಾರಣ ಸಮ್ಮಿತಿ. ಹಾಳೆ ಪೂರ್ತಿ ಚಪ್ಪಟೆಯಾಗಿದ್ದು ಮೇಲೆ-ಕೆಳಗೆ ಒಂದೇ ಆಗಿರುವಾಗ, ಮೂರು ಫೋನಾನುಗಳು ಸೇರುವ ಯಾವುದೇ ಚದುರಿಕೆಯಲ್ಲಿ ಈ ಬಗೆಯವು ಸಮಸಂಖ್ಯೆಯಲ್ಲೇ ಇರಬೇಕು. ಒಂದೋ ಮೂರೋ ಸೇರುವ ಚದುರಿಕೆಗಳೆಲ್ಲ ನಿಷಿದ್ಧ. ಹಾಗಾಗಿ ಇವುಗಳ ದಾರಿ ಸಲೀಸು.

ಈ ಸಲೀಸು ಹಾಳೆಯನ್ನು ಎಲ್ಲಾದರೂ ಮಲಗಿಸುವವರೆಗೆ ಮಾತ್ರ. ಸಿಲಿಕಾನ್ ಡೈಆಕ್ಸೈಡ್ ಮೇಲೆ ಕೂರಿಸಿದರೆ ಮೇಲೆ-ಕೆಳಗಿನ ಸಮ್ಮಿತಿ ಮುರಿಯುತ್ತದೆ, ಅಲೆಗಳು ಕೆಳಗಿನ ಗಾಜಿಗೂ ಸೋರುತ್ತವೆ. 2010ರಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 600. ನಿಮ್ಮ ಸರಪಳಿಗೆ ನೆಲದ ಹಿಡಿತ ಕೊಟ್ಟಾಗ ಆದದ್ದನ್ನು ನೆನಪಿಸಿಕೊಳ್ಳಿ. ಎರಡರ ಭೌತವಿಜ್ಞಾನ ಒಂದೇ ಅಲ್ಲ, ಆದರೆ ದಿಕ್ಕು ಒಂದೇ. ಗ್ರಾಫೀನ್ ಬೆರೆಸಿದ ಶಾಖನಿವಾರಕ ಲೇಪವೊಂದರ ಜಾಹೀರಾತಿನಲ್ಲಿ ಆ 5000ವನ್ನು ದಪ್ಪಕ್ಷರದಲ್ಲಿ ಕಂಡಾಗ ನನಗೆ ನಗು ಬಂದದ್ದು ಇದಕ್ಕೇ. ಅಂಟಿನಲ್ಲಿ ಮುಳುಗಿದ ಪುಡಿ ಗ್ರಾಫೀನ್ ತೂಗುತ್ತಲೂ ಇಲ್ಲ, ಉದ್ದವೂ ಇಲ್ಲ.

ಆ 5000 ಬಂದದ್ದು ಅಲೆಕ್ಸಾಂಡರ್ ಬಲಾಂಡಿನ್ ಗುಂಪು ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಮಾಡಿದ 2008ರ ಅಳತೆಯಿಂದ. ಕಂದಕದ ಮೇಲೆ ತೂಗುವ ಹಾಳೆಯ ನಡುವಿಗೆ ಲೇಸರ್ ಬಿಟ್ಟರು. ಅದೇ ಲೇಸರ್ ಹಾಳೆಯನ್ನು ಬಿಸಿಯೂ ಮಾಡಿತು, ಚದುರಿ ಬಂದ ಅದರ ಬೆಳಕು ಎಷ್ಟು ಬಿಸಿಯಾಯಿತೆಂದೂ ಹೇಳಿತು. ಆ ಚದುರಿದ ಬೆಳಕಿನ ವರ್ಣಪಟಲದಲ್ಲಿ ಕಾಣುವ 1580ರ ಸುಮಾರಿನ ರಾಮನ್ ಶಿಖರ ಪ್ರತಿ ಕೆಲ್ವಿನ್‌ಗೆ 0.016ರಷ್ಟು ಕೆಳಕ್ಕೆ ಸರಿಯುತ್ತದೆ, ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಮಾನದಲ್ಲಿ. ಹಾಳೆ 60 ಕೆಲ್ವಿನ್ ಬಿಸಿಯಾದರೆ ಶಿಖರ ಸರಿದದ್ದು ಹತ್ತಿರಹತ್ತಿರ 1. ಹಾಳೆ ಎಷ್ಟು ಬೆಳಕು ಹೀರಿತು ಎಂಬುದನ್ನು ಹೇಗೆ ಹಿಡಿಯುತ್ತೀರೋ ಅದರ ಮೇಲೆ ಉತ್ತರವೂ ಏರಿಳಿಯುತ್ತದೆ. ಅಳತೆ ಒಳ್ಳೆಯದೇ, ಅದನ್ನು ಅದರ ಹಾಳೆಯಿಂದ ಕಿತ್ತು ಎಲ್ಲಿಗೋ ಅಂಟಿಸುವವರ ಮೇಲಷ್ಟೇ ನನ್ನ ಸಿಟ್ಟು.

ನಿಮ್ಮ ಗಣಕದ ಅಂಕಿಯನ್ನು ಇಂಥ ಅಳತೆಯೊಂದಿಗೆ ಹೋಲಿಸುವ ಮೊದಲು ಇದೊಂದನ್ನು ಗಮನಿಸಿ. ಗಣಕದ ಪರಮಾಣುಗಳು ನ್ಯೂಟನ್ನನ ಪ್ರಜೆಗಳು, ಕ್ವಾಂಟಮ್ ಗೊತ್ತಿಲ್ಲ. 1580ರ ಆ ಕಂಪನವನ್ನು ತಾಪಮಾನಕ್ಕೆ ಬದಲಿಸಿದರೆ ಸುಮಾರು 2270 ಕೆಲ್ವಿನ್. 300 ಕೆಲ್ವಿನ್‌ನಲ್ಲಿ ನಿಜವಾದ ಗ್ರಾಫೀನ್‌ನ ಆ ಕಂಪನಕ್ಕೆ ಸಿಗುವ ಉಷ್ಣಧಾರಣೆ, ಗಣಕ ಅದಕ್ಕೆ ಕೊಡುವುದರ ನೂರಕ್ಕೆ 3 ಪಾಲು ಮಾತ್ರ. ಗಣಕ ಎಲ್ಲ ಕಂಪನಗಳಿಗೂ ಸಮನಾಗಿ ಹಂಚುತ್ತದೆ. ಇದರಿಂದ ಶಾಖ ಹೊರುವವರೂ ಹೆಚ್ಚುತ್ತಾರೆ, ಚದುರಿಸುವವರೂ ಹೆಚ್ಚುತ್ತಾರೆ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿವೆ ಎಂದು ನಂಬಿ ಕೂರಬೇಡಿ. ಗಣಕದ ಅಂಕಿಯನ್ನು ಉದ್ದದ ಜೊತೆ ಅದು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಬಳಸಿ, ನೇರ ಮೌಲ್ಯಕ್ಕಲ್ಲ.

ವರದಿ ಬರೆಯುವಾಗ ಪ್ರತಿ ಅಂಕಿಯ ಪಕ್ಕದಲ್ಲೇ ಹಾಳೆಯ ಉದ್ದ, ಅಗಲ, ಹಿಡಿದುಕೊಂಡ ದಪ್ಪ, ಬಲದ ಮಾದರಿ, ಒಲೆಯ ಬಗೆ ಮತ್ತು ಪಟ್ಟಿಯ ಅಗಲ ಇರಲಿ. ಉಷ್ಣವಾಹಕತೆಯ ಜೊತೆಗೆ ಅದನ್ನು ಉದ್ದದಿಂದ ಭಾಗಿಸಿದ ಅಂಕಿಯನ್ನೂ ಕೊಡಿ. ನಮ್ಮ ಉದಾಹರಣೆಯಲ್ಲಿ ಅದು ಚದರ ಮೀಟರ್-ಕೆಲ್ವಿನ್‌ಗೆ ಸುಮಾರು 6 ಗಿಗಾವ್ಯಾಟ್. ಪುಟ್ಟ ಹಾಳೆಗಳಲ್ಲಿ ಉದ್ದ ಬದಲಾದರೂ ಹೆಚ್ಚು ಕದಲದ ಅಂಕಿ ಇದೇ.

ಇಷ್ಟೆಲ್ಲ ಆದ ಮೇಲೂ ಸಮಯ ಉಳಿದಿದ್ದರೆ, ಅದೇ ಹಾಳೆಯಲ್ಲಿ ನೂರಕ್ಕೆ 1.1ರಷ್ಟು ಪರಮಾಣುಗಳನ್ನು ಅಲ್ಲಲ್ಲಿ ಆಯ್ದು ಅವುಗಳ ದ್ರವ್ಯರಾಶಿಯನ್ನು 12ರಿಂದ 13ಕ್ಕೆ ಏರಿಸಿ. ಪ್ರಕೃತಿಯಲ್ಲಿ ಸಿಗುವ ಇಂಗಾಲ ಇರುವುದೇ ಹಾಗೆ. ಆಮೇಲೆ ಅರ್ಧಕ್ಕರ್ಧ ಪರಮಾಣುಗಳನ್ನು ಬದಲಿಸಿ ಓಡಿಸಿ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶುದ್ಧ ಹನ್ನೆರಡರ ಹಾಳೆಗೆ 320 ಕೆಲ್ವಿನ್‌ನಲ್ಲಿ 4000ಕ್ಕೂ ಹೆಚ್ಚು ಸಿಕ್ಕಿತ್ತು, ಅರ್ಧಕ್ಕರ್ಧ ಬೆರೆಸಿದ್ದಕ್ಕೆ ಅದರ ಅರ್ಧಕ್ಕಿಂತ ಕಡಿಮೆ. 50 ನ್ಯಾನೋಮೀಟರ್ ಹಾಳೆಯಲ್ಲಿ ಇಷ್ಟು ದೊಡ್ಡ ಇಳಿತ ನಿಮಗೆ ಕಾಣುವುದಿಲ್ಲ. ಏಕೆಂದು ಕೇಳುವ ಮೊದಲು 800ರ ಹಾಳೆಯನ್ನೂ ಓಡಿಸಿ ಬನ್ನಿ.